ಅಲಗಿನಲ್ಲಿ ಕೈಯ ಗುರುತು: ಯುರೋಪಿನ ಕುಶಲಕರ್ಮಿಗಳ ಚಾಕುಗಳನ್ನು ಸಂಗ್ರಹಿಸುವ ಬಗೆ

ನಾನು ಕೊಂಡ ಮೊದಲ 'ಒಳ್ಳೆಯ' ಚಾಕು ಫ್ರಾನ್ಸಿನ ಒಂದು ಪ್ರವಾಸಿ ಊರಿನ ಅಂಗಡಿಯದು. ಮಡಿಸುವ ಚಾಕು. ಹಿಡಿಯ ಮೇಲೆ ಪುಟ್ಟದೊಂದು ಲೋಹದ ಜೇನುನೊಣ, ಅಲಗಿನ ಮೇಲೆ ಚಾಕುವಿಗೆ ಹೆಸರಾದ ಆ ದೇಶದ ಹಳ್ಳಿ ಲಾಯೋಲ್‌ನ ಹೆಸರು. ಇದು ಪೂರ್ತಿ ಕೈಯಲ್ಲೇ ಮಾಡಿದ್ದು ಅಂದರು. ನಂಬಿದೆ. ಆರು ತಿಂಗಳಿಗೆ ಅಲಗು ಅತ್ತಿತ್ತ ಅಲ್ಲಾಡತೊಡಗಿತು. ಇನ್ನೂ ಸ್ವಲ್ಪ ದಿನಕ್ಕೆ ಜೇನುನೊಣವೇ ಕಳಚಿ ಬಿತ್ತು. ಅದು ಬಿದ್ದ ಜಾಗದಲ್ಲಿ ಬೆಸುಗೆಯ ಚುಕ್ಕೆ ಕಾಣುತ್ತಿತ್ತು. ಬೇರೆಲ್ಲೋ ಅಚ್ಚು ಹಾಕಿದ ನೊಣವನ್ನು ತಂದು ಅಲ್ಲಿ ಅಂಟಿಸಿದ್ದರು.

ಮುಂದಿನ ವರ್ಷ ತಿಯೇರ್ ಊರಿಗೆ ಹೋದೆ. ಮಧ್ಯ ಫ್ರಾನ್ಸಿನ ಓವೆರ್ನ್ ಸೀಮೆಯ ಬೆಟ್ಟದೂರು ಅದು. ಆರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಚಾಕುವೇ ಅಲ್ಲಿನ ಅನ್ನ. ಒಂದು ಸಣ್ಣ ಕಾರ್ಖಾನೆಯಲ್ಲಿ ಕುಶಲಕರ್ಮಿಯೊಬ್ಬರು ಮೇಜಿನ ಮೇಲೆ ಒಂದು ಚಾಕುವಿನ ಭಾಗಗಳನ್ನೆಲ್ಲ ಬಿಡಿಬಿಡಿಯಾಗಿ ಹರಡಿದರು. ಅಲಗು, ಬೆನ್ನಿನ ಸ್ಪ್ರಿಂಗ್, ಒಳಗಿನ ಎರಡು ಲೋಹದ ಪಟ್ಟಿ, ಹೊರಗಿನ ಎರಡು ಮರದ ಹೋಳು, ಒಂದಷ್ಟು ಪಿನ್ನು. ಸ್ಪ್ರಿಂಗನ್ನು ನನ್ನ ಕೈಗೆ ಕೊಟ್ಟರು. ಅದರ ತುದಿಯಲ್ಲಿ ಜೇನುನೊಣ ಇತ್ತು. ಆದರೆ ಅಂಟಿಸಿದ್ದಲ್ಲ. ಸ್ಪ್ರಿಂಗಿನ ಉಕ್ಕನ್ನೇ ಕಾಯಿಸಿ, ತುದಿಯನ್ನು ಸುತ್ತಿಗೆಯಲ್ಲಿ ಹರಡಿ, ಅರದಲ್ಲಿ ಉಜ್ಜಿ ರೆಕ್ಕೆ ಬಿಡಿಸಿದ್ದರು. ನೊಣ ಬೇರೆ, ಸ್ಪ್ರಿಂಗ್ ಬೇರೆ ಅಲ್ಲವೇ ಅಲ್ಲ. ನನ್ನ ಸಂಗ್ರಹ ಶುರುವಾದದ್ದು ಅವತ್ತಿನಿಂದ. ಈಗ ಹನ್ನೊಂದು ಚಾಕುಗಳಿವೆ. ಸಂಖ್ಯೆ ಸಣ್ಣದು. ಆದರೆ ಪ್ರತಿಯೊಂದರಲ್ಲೂ ಯಾವ ಕೆಲಸ ಎಲ್ಲಿ ನಡೆದಿದೆ ಅಂತ ತೋರಿಸಬಲ್ಲೆ. ಚಾಕು ಸಂಗ್ರಹಕ್ಕೆ ಹೊಸದಾಗಿ ಬರುವವರು ಮೊದಲು ಕಲಿಯಬೇಕಾದ್ದು ಇದನ್ನೇ ಅಂತ ನನಗೆ ಅನಿಸುತ್ತದೆ.

'ಕೈಯಲ್ಲಿ ಮಾಡಿದ್ದು' ಅಂದರೆ ಯಾರ ಕೈ?

ಕೈಯಲ್ಲಿ ಮಾಡಿದ ಚಾಕು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಒಬ್ಬನೇ ಕಮ್ಮಾರ ಬರುತ್ತಾನೆ. ಕುಲುಮೆ ಊದುವವನೂ ಅವನೇ, ಬಡಿಯುವವನೂ ಅವನೇ, ಸಾಣೆ ಹಿಡಿದು ಹಿಡಿ ಹಾಕುವವನೂ ಅವನೇ. ಯುರೋಪಿನ ಹಳೆಯ ಚಾಕು ಊರುಗಳಲ್ಲಿ ಕೆಲಸ ಹೀಗೆ ನಡೆಯುತ್ತಲೇ ಇರಲಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್ ನೋಡಿ. ಅಲ್ಲಿ ಒಂದು ಮಡಿಸುವ ಚಾಕು ಕನಿಷ್ಠ ಮೂರು ಕಸುಬಿನವರ ಕೈ ದಾಟುತ್ತಿತ್ತು. ಒಬ್ಬ ಅಲಗನ್ನು ಬಡಿದು ರೂಪ ಕೊಡುತ್ತಿದ್ದ. ಇನ್ನೊಬ್ಬ ಸಾಣೆ ಹಿಡಿಯುತ್ತಿದ್ದ. ಮೂರನೆಯವನು ಸ್ಪ್ರಿಂಗ್, ಹಿಡಿ, ಪಿನ್ನು ಎಲ್ಲ ಸೇರಿಸಿ ಚಾಕು ಕೂಡಿಸುತ್ತಿದ್ದ. 'ಕಟ್ಲರ್' ಅಂದರೆ ಈ ಮೂರನೆಯವನು. ಸ್ವಂತಕ್ಕೆ ದುಡಿಯುತ್ತ, ದೊಡ್ಡ ಕಟ್ಟಡದಲ್ಲಿ ಒಂದು ಕೋಣೆಯನ್ನೋ ಒಂದು ಸಾಣೆಕಲ್ಲಿನ ಜಾಗವನ್ನೋ ಬಾಡಿಗೆಗೆ ಹಿಡಿದವರನ್ನು ಅಲ್ಲಿ 'ಲಿಟ್ಲ್ ಮೆಸ್ಟರ್' ಅನ್ನುತ್ತಾರೆ, ಅಂದರೆ ಸಣ್ಣ ಮೇಸ್ತ್ರಿ. ಒಂದೇ ಅಂಗಳದ ಸುತ್ತ ಇಂಥವರು ಹತ್ತಾರು ಜನ ಇರುತ್ತಿದ್ದರು. ಚಾಕು ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡಿ ತಯಾರಾಗುತ್ತಿತ್ತು.

ತಿಯೇರ್‌ನಲ್ಲೂ ಇದೇ ರೀತಿ. ಊರಿನ ಕೆಳಗೆ ದ್ಯುರೋಲ್ ಎಂಬ ಕಿರಿದಾದ, ರಭಸದ ಹೊಳೆ ಹರಿಯುತ್ತದೆ. ಅದರ ನೀರು ಸಾಣೆಕಲ್ಲುಗಳನ್ನು ತಿರುಗಿಸುತ್ತಿತ್ತು. ಸಾಣೆಯವರು ಕಲ್ಲಿನ ಮುಂದೆ ಕೂರುತ್ತಿರಲಿಲ್ಲ. ಕಲ್ಲಿನ ಮೇಲ್ಗಡೆ ಹಲಗೆ ಹಾಸಿ ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗುತ್ತಿದ್ದರು. ತಲೆ, ತೋಳು ಹಲಗೆಯ ಆಚೆ. ಅಲಗನ್ನು ಕೆಳಗೆ ತಿರುಗುವ ಕಲ್ಲಿಗೆ ಮೈಯ ಭಾರ ಬಿಟ್ಟು ಒತ್ತುತ್ತಿದ್ದರು. ಕಲ್ಲಿನಿಂದ ಸಿಡಿಯುವ ಹಳದಿ ಕೆಸರು ಬಟ್ಟೆಗೆಲ್ಲ ಮೆತ್ತುತ್ತಿತ್ತು. ಅದಕ್ಕೇ ಅವರಿಗೆ 'ಹಳದಿ ಹೊಟ್ಟೆಯವರು' ಅನ್ನುವ ಹೆಸರು. ಹೊಳೆಯ ಪಕ್ಕದ ಚಳಿ, ಒದ್ದೆ. ಮಲಗಿದವರ ಕಾಲು ಮರಗಟ್ಟುತ್ತಿತ್ತು. ಕಾಲ ಮೇಲೆ ನಾಯಿ ಮಲಗಿಸಿಕೊಂಡು ಬೆಚ್ಚಗಾಗುತ್ತಿದ್ದರು. ಹಳೆಯ ಫೋಟೋಗಳಲ್ಲಿ ಸಾಲಾಗಿ ಮಲಗಿದ ಜನ, ಅವರ ಕಾಲ ಮೇಲೆ ಸಾಲಾಗಿ ನಾಯಿಗಳು ಕಾಣುತ್ತವೆ. ಈ ಹೊಳೆಯ ಕಣಿವೆಯಲ್ಲಿ 1970ರ ದಶಕದವರೆಗೂ ನೀರಿನ ಸಾಣೆ ತಿರುಗುತ್ತಿತ್ತು. ಈಗ ಅದನ್ನು ಹೋಗಿ ನೋಡಬಹುದು.

ಈ ಕಸುಬಿಗೆ ಜನ ತೆತ್ತ ಬೆಲೆಯೂ ದೊಡ್ಡದು. ಶೆಫೀಲ್ಡಿನಲ್ಲಿ ನೀರಿಲ್ಲದೆ ಒಣಗಲ್ಲಿನಲ್ಲಿ ಸಾಣೆ ಹಿಡಿಯುತ್ತಿದ್ದವರು, ಅದರಲ್ಲೂ ಫೋರ್ಕ್ ಉಜ್ಜುತ್ತಿದ್ದವರು, ಕಲ್ಲಿನ ಧೂಳು ಶ್ವಾಸಕೋಶ ಸೇರಿ ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ಹಳೆಯ ಶೆಫೀಲ್ಡ್ ಚಾಕು ಕೈಗೆ ಸಿಕ್ಕಾಗ ಅದರ ಅಲಗಿನ ನುಣುಪನ್ನು ನಾನು ಸುಮ್ನೆ ಮೆಚ್ಚಿ ಇಡಲಾರೆ. ಅದನ್ನು ಉಜ್ಜಿದವರ ಉಸಿರು ನೆನಪಾಗುತ್ತದೆ.

ಉಕ್ಕಿನ ಪಟ್ಟಿಯಿಂದ ಹಿಡಿದು ಒರೆಯವರೆಗೆ ಎಲ್ಲವನ್ನೂ ಒಬ್ಬರೇ ಮಾಡಿ, ತಮ್ಮ ಹೆಸರು ಒತ್ತುವುದು ದೊಡ್ಡ ಮಟ್ಟದಲ್ಲಿ ಬೆಳೆದದ್ದು ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ. ಅದರಲ್ಲಿ ಅಮೆರಿಕದ ಪ್ರಭಾವವೂ ಇದೆ. ಹಾಗಾಗಿ 'ಎಲ್ಲವನ್ನೂ ಒಬ್ಬರೇ ಮಾಡಿದ್ದಾರಾ?' ಎಂಬ ಪ್ರಶ್ನೆಯನ್ನು ನಾನು ಮೊದಲು ಕೇಳುವುದಿಲ್ಲ. ಫಿನ್‌ಲೆಂಡಿನಲ್ಲಿ ಈಗಲೂ ಅಲಗು ಒಬ್ಬ ಕಮ್ಮಾರರದು, ಹಿಡಿ ಇನ್ನೊಬ್ಬರದು ಆಗಿರುವ ಒಳ್ಳೊಳ್ಳೆ ಚಾಕುಗಳಿವೆ. ನಾನು ಕೇಳುವುದು ಬೇರೆ. ಯಾವ ಹಂತದಲ್ಲಿ ಮನುಷ್ಯನ ಕಣ್ಣು, ಕೈ ತೀರ್ಮಾನ ಮಾಡಿದೆ? ಯಾವ ಹಂತದಲ್ಲಿ ಯಂತ್ರಕ್ಕೆ ಬಿಟ್ಟಿದ್ದಾರೆ? ಪ್ರಾಮಾಣಿಕ ಕುಶಲಕರ್ಮಿ ಇದಕ್ಕೆ ನೇರವಾಗಿ ಉತ್ತರ ಕೊಡುತ್ತಾರೆ. ಅಲಗನ್ನು ಲೇಸರಿನಲ್ಲಿ ಕತ್ತರಿಸಿ ತರಿಸಿದೆ, ಸಾಣೆ ನನ್ನದು, ಹದ ಬೇರೆಯವರ ಕುಲುಮೆಯಲ್ಲಿ ಆಗಿದೆ ಅಂತ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಉಕ್ಕು, ಹದ, ಸಾಣೆ

ಚಾಕು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೆಚ್ಚಿನ ಮಟ್ಟಿಗೆ ತೀರ್ಮಾನಿಸುವುದು ಕಣ್ಣಿಗೆ ಕಾಣದ ಒಂದು ಹಂತ. ಅದೇ ಹದ ಹಾಕುವುದು.

ಸಾದಾ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಹತ್ತಿರ ಹತ್ತಿರ 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಸಣ್ಣ ಕುಲುಮೆ ಇಟ್ಟುಕೊಂಡವರು ಪಕ್ಕದಲ್ಲಿ ಒಂದು ಅಯಸ್ಕಾಂತ ತೂಗುಹಾಕಿಕೊಳ್ಳುವುದು ಇದಕ್ಕೇ. ಅಂಟುವುದು ನಿಂತ ಮೇಲೆ ಇನ್ನೂ ತುಸು ಕಾಯಿಸಿ, ಅಲಗನ್ನು ಎಣ್ಣೆಗೆ ಅದ್ದುತ್ತಾರೆ. ಆಗ ಉಕ್ಕು ತುಂಬ ಗಡುಸಾಗುತ್ತದೆ. ಆದರೆ ಗಾಜಿನ ಹಾಗೆ. ನೆಲಕ್ಕೆ ಬಿದ್ದರೆ ಒಡೆಯಬಹುದು. ಅದಕ್ಕೆ ಮತ್ತೆ ಸುಮಾರು 200 ಡಿಗ್ರಿಗೆ ನಿಧಾನಕ್ಕೆ ಕಾಯಿಸಿ ಸ್ವಲ್ಪ ಸಡಿಲಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಆಗ ಒಣಹುಲ್ಲಿನ ಬಣ್ಣ ಮೂಡುತ್ತದೆ. ಗಡಸುತನ ಸ್ವಲ್ಪ ಬಿಟ್ಟುಕೊಟ್ಟು, ಒಡೆಯದ ಗಟ್ಟಿತನ ಪಡೆಯುವ ಕೆಲಸ ಇದು. ಎಷ್ಟು ಬಿಡಬೇಕು ಅನ್ನುವುದು ಚಾಕು ಏನು ಮಾಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಮರ ಕೆತ್ತುವ ಚಾಕುವಿಗೆ ಒಂದು ಹದ, ಮೀನು ಬಿಡಿಸುವ ಬಳುಕು ಚಾಕುವಿಗೆ ಇನ್ನೊಂದು.

ನಮ್ಮ ಕಡೆ ಅಡುಗೆಗೂ ಹದ, ಮಣ್ಣಿಗೂ ಹದ, ಉಕ್ಕಿಗೂ ಹದ ಅನ್ನುತ್ತೇವೆ. ಈ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಬೇರೆ ಗೊತ್ತಿಲ್ಲ.

ಎರಡನೆಯದು ಸಾಣೆ. ಅಲಗಿನ ಬೆನ್ನಿಂದ ಬಾಯಿಯವರೆಗೆ ಉಕ್ಕು ಹೇಗೆ ತೆಳುವಾಗುತ್ತ ಬರುತ್ತದೆ ಅನ್ನುವುದು. ಇಲ್ಲಿ ಜರ್ಮನಿಯ ಸೋಲಿಂಗೆನ್ ಊರನ್ನು ನೆನೆಯಬೇಕು. ಆ ಊರಿನವರು ತಮ್ಮನ್ನು 'ಅಲಗುಗಳ ಊರು' ಅಂತಲೇ ಕರೆದುಕೊಳ್ಳುತ್ತಾರೆ. ಅಲ್ಲಿ 1872ರಲ್ಲಿ ಶುರುವಾದ ರಾಬರ್ಟ್ ಹೆರ್ಡರ್ ಕಾರ್ಖಾನೆ ಗಾಳಿಗಿರಣಿ ಗುರುತಿನ ಚಾಕುಗಳನ್ನು ಮಾಡುತ್ತದೆ. ಅವರ ಸಾಣೆಯವರು ಇವತ್ತೂ ಒಂದೊಂದೇ ಅಲಗನ್ನು ಕೈಯಲ್ಲಿ ಹಿಡಿದು ತೆಳುವಾಗಿ ಉಜ್ಜುತ್ತಾರೆ. ಆ ಅಲಗಿನ ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆತ್ತಗೆ ಒತ್ತಿ ಎಳೆದರೆ ಉಕ್ಕು ಅಲ್ಲಿ ಕೂದಲೆಳೆಯಷ್ಟು ಬಾಗುವುದು ಕಾಣುತ್ತದೆ. ನನ್ನ ಹತ್ತಿರ ಅವರದೊಂದು ಸಣ್ಣ ತರಕಾರಿ ಚಾಕು ಇದೆ. ಬೆಲೆ ಜಾಸ್ತಿಯೇನಲ್ಲ. ಆದರೂ ಚಾಕು ಯಾಕೆ ಕತ್ತರಿಸುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೆಗೆಯುವುದು ಅದನ್ನೇ. ಹರಿತ ಅನ್ನುವುದು ಬರೀ ಅಂಚಿನ ಕೊನೆಯ ಗೆರೆಯಲ್ಲಿ ಇರುವುದಿಲ್ಲ. ಅಂಚಿನ ಹಿಂದೆ ಉಕ್ಕು ಎಷ್ಟು ತೆಳು ಅನ್ನುವುದರಲ್ಲೂ ಇದೆ.

ಅಲೆ ಅಲೆ ಉಕ್ಕು, ಮತ್ತು ಒಂದು ಕನ್ನಡ ಪದ

ಸಂಗ್ರಹಕಾರರನ್ನು ಮೊದಲು ಸೆಳೆಯುವುದು ಡಮಾಸ್ಕಸ್ ಅಲಗು. ಮರದ ಎಳೆಯಂತೆ, ನೀರಿನ ಅಲೆಯಂತೆ ಉಕ್ಕಿನ ಮೇಲೆ ಚಿತ್ತಾರ. ಇವತ್ತು ಯುರೋಪಿನಲ್ಲಿ ಈ ಹೆಸರಲ್ಲಿ ಸಿಗುವ ಅಲಗುಗಳಲ್ಲಿ ಹೆಚ್ಚಿನವು ಪದರ ಬೆಸೆದ ಉಕ್ಕು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಕುಲುಮೆಯಲ್ಲಿ ಬಿಳಿಕಾಯಿಸಿ, ಬಡಿದು ಒಂದಾಗಿಸುತ್ತಾರೆ. ಮಡಚಿ ಮತ್ತೆ ಬಡಿಯುತ್ತಾರೆ. ಐದು ಪದರದಿಂದ ಹೊರಟರೆ ಆರು ಸಲ ಮಡಚಿದಾಗ 320 ಪದರ. ಕೊನೆಗೆ ಆಮ್ಲದಲ್ಲಿ ಅದ್ದಿದರೆ ನಿಕಲ್ ಇರುವ ಉಕ್ಕು ಬೆಳ್ಳಗೆ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಚಿತ್ತಾರ ಹೊರಬರುತ್ತದೆ. ಯುರೋಪಿಗೆ ಇದು ಹೊಸದಲ್ಲ. ವೈಕಿಂಗ್ ಕಾಲದ ಮತ್ತು ಅದಕ್ಕೂ ಹಿಂದಿನ ಕತ್ತಿಗಳಲ್ಲಿ ಹೀಗೆ ತಿರುಚಿ ಬೆಸೆದ ಉಕ್ಕು ಸಿಕ್ಕಿದೆ. ಸ್ವೀಡನ್ನಿನ ಡಮಾಸ್ಟೀಲ್ ಕಂಪನಿ ಪುಡಿ ಮಾಡಿದ ಉಕ್ಕಿನಿಂದ ತುಕ್ಕು ಹಿಡಿಯದ ಡಮಾಸ್ಕಸ್ ತಯಾರಿಸುತ್ತದೆ. ಅನೇಕ ಕುಶಲಕರ್ಮಿಗಳು ಅದರ ಪಟ್ಟಿ ತರಿಸಿಕೊಂಡು ಅಲಗು ಮಾಡುತ್ತಾರೆ. ಅಂಥ ಚಾಕುವಿನಲ್ಲಿ ಚಿತ್ತಾರ ಕಾರ್ಖಾನೆಯದು, ಸಾಣೆ ಮತ್ತು ಜೋಡಣೆ ಕುಶಲಕರ್ಮಿಯದು. ಬೆಲೆ ಕೊಡುವಾಗ ಇದು ಗೊತ್ತಿರಬೇಕು.

ಹಳೆಯ ನಿಜವಾದ ಡಮಾಸ್ಕಸ್ ಬೇರೆಯೇ. ಅದರಲ್ಲಿ ಪದರಗಳ ಬೆಸುಗೆ ಇಲ್ಲ. ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯಲ್ಲಿ, ಕರಗಿಸಿ ತೆಗೆದ ಉಂಡೆ ಉಕ್ಕಿನ ಒಳಗೇ ಕಬ್ಬಿಣ ಮತ್ತು ಇಂಗಾಲ ಕೂಡಿದ ಗಡಸು ಕಣಗಳು ಸಾಲುಗಟ್ಟಿ ಅಲೆ ಮೂಡಿಸುತ್ತವೆ. ಆ ಉಕ್ಕು ಹೋಗುತ್ತಿದ್ದದ್ದು ಹೆಚ್ಚಾಗಿ ದಕ್ಷಿಣ ಭಾರತದಿಂದ. ಯುರೋಪಿನವರು ಅದನ್ನು 'ವುಟ್ಜ್' ಅಂದರು. ಇದು ನಮ್ಮ ಕನ್ನಡದ, ತೆಲುಗಿನ 'ಉಕ್ಕು' ಪದವೇ ಬಾಯಿಂದ ಬಾಯಿಗೆ, ಕಾಗದದಿಂದ ಕಾಗದಕ್ಕೆ ಹೋಗುವಾಗ ಬದಲಾದದ್ದು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದರು. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ಕುಶಲಿ ಅದರಿಂದ ಒಂದು ಪುಟ್ಟ ಪೆನ್‌ನೈಫ್ ಮಾಡಿ ನೋಡಿದ್ದ. ಮುಂದೆ ಅದೇ ಸ್ಟೋಡಾರ್ಟ್ ಜೊತೆ ಸೇರಿ ಮೈಕೆಲ್ ಫ್ಯಾರಡೆ ಈ ಉಕ್ಕಿನ ಗುಟ್ಟು ಹುಡುಕಿದರು. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಅದೇ ಫ್ಯಾರಡೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮೂಸೆಯಲ್ಲಿ ಉಕ್ಕು ತೆಗೆಯುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಈಗ ಯುರೋಪಿನ ಕೆಲವು ಕಮ್ಮಾರರು ಮತ್ತೆ ಮೂಸೆ ಹಚ್ಚಿ ಇಂಥ ಉಕ್ಕು ತೆಗೆಯುತ್ತಿದ್ದಾರೆ. ಅವರ ಮಾತಿನಲ್ಲಿ 'ವುಟ್ಜ್' ಕೇಳಿದಾಗ ನನಗಾಗುವ ಖುಷಿಯನ್ನು ಮುಚ್ಚಿಡುವ ಮನಸ್ಸಿಲ್ಲ.

ಕೈಗೆ ಬಂದ ಚಾಕುವನ್ನು ನೋಡುವುದು

ಮಡಿಸುವ ಚಾಕುವಿನಲ್ಲೇ ಕುಶಲತೆ ಜಾಸ್ತಿ ಬಯಲಾಗುತ್ತದೆ. ಹಾಗಾಗಿ ಅದರಿಂದಲೇ ಹೇಳುತ್ತೇನೆ. ಮೊದಲು ಮಡಿಸಿದ ಚಾಕುವನ್ನು ಬೆಳಕಿಗೆ ಹಿಡಿಯಿರಿ. ಅಲಗು ಎರಡು ಪಟ್ಟಿಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಇರಬೇಕು. ಒಂದು ಕಡೆಗೆ ವಾಲಿದ್ದರೆ ಒಳಗೋಡೆ ಉಜ್ಜಿ ಗೀರು ಬೀಳುತ್ತದೆ. ಈಗ ಅಲಗನ್ನು ಬಿಚ್ಚಿ. ಬೆನ್ನಿನ ಕಡೆಯಿಂದ ನೋಡಿದರೆ ಸ್ಪ್ರಿಂಗಿಗೂ ಪಕ್ಕದ ಪಟ್ಟಿಗಳಿಗೂ ನಡುವೆ ಬೆಳಕು ತೂರಬಾರದು. ಶೆಫೀಲ್ಡಿನ ಒಳ್ಳೆಯ ಕೆಲಸಗಾರರು ಇನ್ನೂ ಒಂದು ಮಾತು ಪಾಲಿಸುತ್ತಾರೆ. ಅಲಗು ಮುಚ್ಚಿದಾಗ, ಅರ್ಧ ತೆರೆದಾಗ, ಪೂರ್ತಿ ತೆರೆದಾಗ ಸ್ಪ್ರಿಂಗಿನ ಬೆನ್ನು ಪಟ್ಟಿಗಳ ಅಂಚಿಗೆ ಸಮವಾಗಿ ಕೂರಬೇಕು. ಬೆರಳಾಡಿಸಿದರೆ ಏರು ತಗ್ಗು ಸಿಗಬಾರದು. ಕೇಳುವುದಕ್ಕೆ ಸಣ್ಣ ಮಾತು. ಮಾಡುವುದಕ್ಕೆ ಅಲಗಿನ ಬುಡವನ್ನು ಅರದಲ್ಲಿ ಕೂದಲೆಳೆಯಷ್ಟು ಉಜ್ಜಿ, ಜೋಡಿಸಿ, ಬಿಚ್ಚಿ, ಮತ್ತೆ ಉಜ್ಜಬೇಕು.

ಆಮೇಲೆ ಕಿವಿ. ಅಲಗು ತೆರೆದು ಕೂರುವಾಗ ಬರುವ ಸದ್ದು ಚುರುಕಾಗಿ, ಒಂದೇ ಆಗಿ ಇರಬೇಕು. ಮಂಕಾದ ಸದ್ದು ಬಂದರೆ ಸ್ಪ್ರಿಂಗ್ ಸೋತಿದೆ ಅಥವಾ ಸರಿಯಾಗಿ ಕೂತಿಲ್ಲ. ಆದರೆ ಲಾಯೋಲ್ ಬಗೆಯ ಚಾಕುವನ್ನು ಮಡಿಸುವಾಗ ಪಟ್ಟನೆ ಬಿಡಬಾರದು. ಅದರ ಅಲಗಿನ ಬಾಯಿ ಒಳಗೆ ಸ್ಪ್ರಿಂಗಿಗೆ ಬಡಿದು ಮೊಂಡಾಗಬಹುದು. ಬೆರಳಲ್ಲಿ ತಡೆದು ಮೆಲ್ಲಗೆ ಇಳಿಸಬೇಕು. ಮಾರುವವರೇ ಪಟಪಟ ಅಂತ ಮಡಿಸಿ ತೋರಿಸಿದರೆ ನನಗೆ ಅನುಮಾನ ಬರುತ್ತದೆ.

ಕೊನೆಗೆ ಉಗುರು. ಕಣ್ಣು ಮುಚ್ಚಿ, ಲೋಹ ಮುಗಿದು ಮರ ಶುರುವಾಗುವ ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲೂ ಸಿಕ್ಕಿಕೊಳ್ಳಬಾರದು. ಇನ್ನು ಅಲಗಿನ ಎರಡೂ ಮಗ್ಗುಲಲ್ಲಿ ಸಾಣೆ ಶುರುವಾಗುವ ಜಾಗ ಒಂದೇ ಮಟ್ಟದಲ್ಲಿ ಇದೆಯಾ ನೋಡಿ. ಎರಡೂ ಬದಿ ಬೇರೆ ಬೇರೆಯಾಗಿದ್ದರೆ ಅದು ಕೈಕೆಲಸದ ಚೆಲುವು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈಯ ಗುರುತು ಬೇರೆ, ಕೈತಪ್ಪು ಬೇರೆ. ಸ್ಪ್ರಿಂಗಿನ ಬೆನ್ನ ಮೇಲೆ ಅರದಲ್ಲಿ ಕೊರೆದ ಬಳ್ಳಿಯಲ್ಲಿ ಒಂದೆಲೆ ಇನ್ನೊಂದರಂತೆ ಇಲ್ಲದಿರುವುದು ಕೈಯ ಗುರುತು. ಅಲಗು ವಾಲುವುದು ತಪ್ಪು.

ಹೆಸರಿನ ಜಗಳ

ನನ್ನ ಮೊದಲ ಚಾಕುವಿನ ಮೋಸ ಹೇಗೆ ಸಾಧ್ಯವಾಯಿತು ಅನ್ನುವುದನ್ನೂ ಹೇಳಬೇಕು. ಲಾಯೋಲ್ ದಕ್ಷಿಣ ಫ್ರಾನ್ಸಿನ ಒಬ್ರಾಕ್ ಪ್ರಸ್ಥಭೂಮಿಯ ಒಂದು ಹಳ್ಳಿ. ದನ ಮೇಯಿಸುವವರ ನಾಡು. ಅಲ್ಲಿ 1829ರ ಸುಮಾರಿಗೆ ಪಿಯೆರ್-ಜಾನ್ ಕಲ್ಮೆಲ್ ಎಂಬಾತ ಈ ಚಾಕುವನ್ನು ಮಾಡತೊಡಗಿದ. ಮುಂದೆ ಇದಕ್ಕೆ ಒಂದು ದಬ್ಬಳ ಸೇರಿತು. ಹೊಟ್ಟೆ ಉಬ್ಬರಿಸಿದ ದನಕ್ಕೆ ಚುಚ್ಚಿ ಗಾಳಿ ಬಿಡಿಸುವುದಕ್ಕೂ ಅದು ಬೇಕಿತ್ತು. 1880ರ ಹೊತ್ತಿಗೆ ಬಾಟಲಿ ಬಿರಡೆ ಕೀಳುವ ತಿರುಪು ಸೇರಿತು. ಆ ಸೀಮೆಯ ಜನ ಪ್ಯಾರಿಸ್ಸಿಗೆ ಹೋಗಿ ಕಾಫಿ-ವೈನ್ ಅಂಗಡಿ ಇಡುತ್ತಿದ್ದ ಕಾಲ ಅದು. ಒಂದೇ ಚಾಕುವಿನಲ್ಲಿ ಕೊಟ್ಟಿಗೆಯೂ ಇದೆ, ಪೇಟೆಯೂ ಇದೆ. ಹಿಡಿಯ ಮೇಲೆ ಪಿನ್ನುಗಳಲ್ಲಿ ಶಿಲುಬೆ ಕಾಣುತ್ತದೆ. ಕುರುಬರು ಚಾಕುವನ್ನು ರೊಟ್ಟಿಗೆ ಚುಚ್ಚಿ ನಿಲ್ಲಿಸಿ ಅದರ ಮುಂದೆ ಪ್ರಾರ್ಥಿಸುತ್ತಿದ್ದರು ಅಂತ ಕಥೆ ಹೇಳುತ್ತಾರೆ.

ಇಪ್ಪತ್ತನೇ ಶತಮಾನದಲ್ಲಿ ತಯಾರಿಕೆ ಬಹುಪಾಲು ತಿಯೇರ್‌ಗೆ ಹೋಯಿತು. ಹಳ್ಳಿಯಲ್ಲಿ ಕುಲುಮೆ ಆರಿತು. 1987ರಲ್ಲಿ ಫೋರ್ಜ್ ದ ಲಾಯೋಲ್ ಕಾರ್ಖಾನೆ ಶುರುವಾಗಿ ಕೆಲಸ ಊರಿಗೆ ಮರಳಿತು. ಆದರೆ ಅಷ್ಟರಲ್ಲಿ ಲಾಯೋಲ್ ಎಂಬುದು ಒಂದು ಆಕಾರದ ಹೆಸರಾಗಿಬಿಟ್ಟಿತ್ತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಿ ಆ ಹೆಸರು ಒತ್ತಬಹುದಿತ್ತು. ಅದರ ಮೇಲೆ, 1993ರಲ್ಲಿ ಹಳ್ಳಿಗೆ ಸಂಬಂಧವಿಲ್ಲದ ಒಬ್ಬರು ಹೆಸರನ್ನು ಹತ್ತಾರು ಬಗೆಯ ಸಾಮಾನುಗಳಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. 2012ರಲ್ಲಿ ಸಿಟ್ಟಿಗೆದ್ದ ಊರಿನವರು ತಮ್ಮ ಊರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. ನಮ್ಮ ಹೆಸರೇ ನಮ್ಮದಲ್ಲವಾದರೆ ಫಲಕ ಯಾಕೆ ಅಂತ. ವ್ಯಾಜ್ಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. ಸಂಗ್ರಹಕಾರರು ಇದರಿಂದ ಕಲಿಯುವುದು ಒಂದೇ. ಲಾಯೋಲ್ ಎಂಬ ಪದವನ್ನು ನಂಬಬೇಡಿ. ಅದರ ಜೊತೆಗೆ ಕಾರ್ಖಾನೆಯ ಅಥವಾ ಕುಶಲಕರ್ಮಿಯ ಹೆಸರು ಅಲಗಿನ ಮೇಲೆ ಇದೆಯಾ ನೋಡಿ.

ಜರ್ಮನಿಯಲ್ಲಿ ಇದನ್ನು ಬೇರೆ ರೀತಿ ಬಗೆಹರಿಸಿದರು. ಸೋಲಿಂಗೆನ್ ಹೆಸರಿಗೆ 1938ರಿಂದಲೇ ಕಾನೂನಿನ ರಕ್ಷಣೆ ಇದೆ. ಮುಖ್ಯ ಹಂತಗಳೆಲ್ಲ ಆ ಸೀಮೆಯಲ್ಲೇ ನಡೆದಿದ್ದರೆ ಮಾತ್ರ ಆ ಹೆಸರು ಒತ್ತಬಹುದು. ಶೆಫೀಲ್ಡಿನಲ್ಲಿ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯಿಂದ ಚಾಕು ಕುಶಲಿಗಳ ಸಂಘ ಹುಟ್ಟಿ, ಯಾರ ಮುದ್ರೆ ಯಾವುದು ಅಂತ ಲೆಕ್ಕ ಇಟ್ಟಿತು.

ಎಲ್ಲಿಂದ ಶುರು ಮಾಡಬಹುದು

ನನ್ನನ್ನು ಕೇಳಿದರೆ ತಿಯೇರ್‌ನಿಂದ. ಲಾಯೋಲ್ ಗೊಂದಲ ನೋಡಿ ಆ ಊರಿನ ಕುಶಲಿಗಳು ತಮ್ಮದೇ ಊರಿಗೊಂದು ಚಾಕು ಬೇಕು ಅಂದುಕೊಂಡರು. 1993ರಲ್ಲಿ ಒಂದು ಬಳಗ ಕಟ್ಟಿ, ಮರುವರ್ಷ 'ಲ ತಿಯೇರ್' ಎಂಬ ಚಾಕುವನ್ನು ಹೊರತಂದರು. ಮೈಯ ಬಳುಕು ಹೇಗಿರಬೇಕು ಅನ್ನುವುದಕ್ಕೆ ನಿಯಮ ಇದೆ. ಆ ಸೀಮೆಯಲ್ಲೇ ಮಾಡಬೇಕು. ಉಳಿದದ್ದು ಕುಶಲಕರ್ಮಿಗೆ ಬಿಟ್ಟದ್ದು. ಒಂದೇ ರಾಗವನ್ನು ಹತ್ತು ಜನ ಹಾಡಿದ ಹಾಗೆ. ಒಂದೇ ಗೆರೆಯ ಮೂರು ಚಾಕುಗಳನ್ನು ಮೂರು ಜನರಿಂದ ಕೊಂಡು ಪಕ್ಕಪಕ್ಕ ಇಟ್ಟರೆ, ಯಾರ ಕೈ ಹೇಗೆ ಅನ್ನುವುದು ಅರ್ಧ ಗಂಟೆಯಲ್ಲಿ ಕಣ್ಣಿಗೆ ಹತ್ತುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಕುಟೆಲಿಯಾ ಎಂಬ ದೊಡ್ಡ ಚಾಕು ಮೇಳ ನಡೆಯುತ್ತದೆ. ಮಾಡಿದವರ ಜೊತೆಗೇ ಮಾತಾಡಬಹುದು.

ಮಡಿಸದ ಚಾಕು ಇಷ್ಟವಿದ್ದರೆ ಫಿನ್‌ಲೆಂಡಿನ ಪೂಕ್ಕೊ. ಸಣ್ಣ ಅಲಗು, ನೇರ ಬೆನ್ನು, ಬೆರಳಿಗೆ ಅಡ್ಡ ಪಟ್ಟಿ ಇಲ್ಲ. ಹಿಡಿಗೆ ಗಂಟುಗಂಟಾದ ಬರ್ಚ್ ಮರ, ಇಲ್ಲವೇ ಬರ್ಚ್ ತೊಗಟೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಹಿಡಿ. ಆ ತೊಗಟೆ ಕೊರೆಯುವ ಚಳಿಯಲ್ಲೂ ಕೈಗೆ ತಣ್ಣಗೆ ತಾಗುವುದಿಲ್ಲ. ಒದ್ದೆಯಾದರೂ ಜಾರುವುದಿಲ್ಲ. ಕೌಹವಾ ಊರಿನ ಕುದುರೆತಲೆಯ ಪೂಕ್ಕೊ ಹೆಸರುವಾಸಿ. ಅಲಂಕಾರ ಕಡಿಮೆ ಇರುವುದರಿಂದ ತಪ್ಪು ಅಡಗಿಸುವ ಜಾಗವೇ ಅದರಲ್ಲಿ ಇಲ್ಲ. ಇದಕ್ಕೇ ನನಗೆ ಅದು ಅಚ್ಚುಮೆಚ್ಚು.

ಇನ್ನೂ ಇವೆ. ಇಟಲಿಯ ಸಾರ್ಡಿನಿಯಾ ದ್ವೀಪದ ಪಟ್ಟಾಡಾ ಊರಿನ, ಟಗರಿನ ಕೊಂಬಿನ ಹಿಡಿಯ, ಎಲೆಯಂಥ ಅಲಗಿನ ಚಾಕು. ಸ್ಪೇನಿನ ಅಲ್ಬಸೆತೆ ಊರಿನ ನವಾಹಾ ಎಂಬ ಮಡಿಸುವ ಚಾಕು, ತೆರೆಯುವಾಗ ಹಲ್ಲುಗಳ ಮೇಲೆ ಕರಕರ ಸದ್ದು ಮಾಡುವಂಥದ್ದು. 1890ರಿಂದ ಬರುತ್ತಿರುವ, ಫ್ರಾನ್ಸಿನ ಸವೋಯ್ ಸೀಮೆಯ ಒಪಿನೆಲ್ ಚಾಕು ಕಾರ್ಖಾನೆಯದೇ, ಅಗ್ಗದ್ದೇ. ಆದರೂ ಅದನ್ನು ಬಳಸಿ ನೋಡದೆ ದುಬಾರಿ ಚಾಕುವಿಗೆ ಹೋಗಬೇಡಿ ಅನ್ನುತ್ತೇನೆ. ತೆಳು ಸಾಣೆ, ಸಾದಾ ಉಕ್ಕು, ಒಂದು ಮರದ ತುಂಡು. ಇಷ್ಟರಲ್ಲೇ ಏನೆಲ್ಲ ಆಗುತ್ತದೆ ಅಂತ ಗೊತ್ತಾದ ಮೇಲೆ, ಕೆಲವು ನೂರು ಯೂರೋ ಯಾವುದಕ್ಕೆ ಕೊಡುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗುತ್ತದೆ.

ಹೆಸರಾದವರ ಚಾಕು ಬೇಕಾದರೆ ಕಾಯಬೇಕು. ಶೆಫೀಲ್ಡಿನ ಸ್ಟಾನ್ ಶಾ ಹುಟ್ಟಿದ್ದು 1926ರಲ್ಲಿ. ಹದಿಹರೆಯದಲ್ಲೇ ಈ ಕಸುಬಿಗೆ ಸೇರಿ, ತೊಂಬತ್ತು ದಾಟಿದ ಮೇಲೂ ಬೆಂಚಿನ ಮುಂದೆ ಕೂತರು. ಅವರ ಚಾಕುವಿಗೆ ವರ್ಷಗಟ್ಟಲೆ ಕಾಯುವವರ ಪಟ್ಟಿ ಇತ್ತು. 2021ರಲ್ಲಿ ತೀರಿಕೊಂಡರು. ಕಲಿಸುವವರು ಕಡಿಮೆಯಾದ ಹಾಗೆ ಕಸುಬು ಹೇಗೆ ತೆಳುವಾಗುತ್ತದೆ ಅನ್ನುವುದು ಆ ಊರಿನಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಸತ್ತವರ ಚಾಕುವನ್ನು ಹರಾಜಿನಲ್ಲಿ ಹಿಡಿಯುವುದಕ್ಕಿಂತ, ಈಗಿನ ಎಳೆಯರೊಬ್ಬರಿಗೆ ಹೊಸದೊಂದು ಮಾಡಲು ಹೇಳುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಮುಂಗಡ ಕೊಟ್ಟು, ಮರ ಆರಿಸಿ, ಅಳತೆ ಹೇಳಿ, ಎಂಟು ತಿಂಗಳು ಸುಮ್ಮನಿರಿ.

ಕಾನೂನು, ಕೊಂಬು, ಎಣ್ಣೆ

ಯುರೋಪಿನಲ್ಲಿ ಇರುವ ಕನ್ನಡಿಗರಿಗೆ ಒಂದು ಮಾತು. ಮನೆಯಲ್ಲಿ ಇಡುವುದು ಬೇರೆ, ಜೇಬಿನಲ್ಲಿ ಒಯ್ಯುವುದು ಬೇರೆ. ಬ್ರಿಟನ್ನಿನಲ್ಲಿ ಅಂಚು 3 ಇಂಚು ಮೀರದ, ಲಾಕ್ ಆಗದ ಮಡಿಸುವ ಚಾಕುವನ್ನು ಮಾತ್ರ ಕಾರಣ ಕೊಡದೆ ಒಯ್ಯಬಹುದು. ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಹಳೆಯ ಬಗೆಯ ಚಾಕು ಅಲ್ಲಿ ಇನ್ನೂ ಜೀವಂತ ಇರುವುದಕ್ಕೆ ಇದೂ ಒಂದು ಕಾರಣ. ಬೇರೆ ದೇಶಗಳ ನಿಯಮ ಬೇರೆ. ಊರಿಗೆ ತರುವವರಿಗೆ ಇನ್ನೊಂದು ಮಾತು. ಭಾರತದ ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಬೇರೆಯಾಗಿ ನೋಡುತ್ತವೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದವು ಆ ಪಟ್ಟಿಯಿಂದ ಹೊರಗೆ. ಚಿಕ್ಕ ಜೇಬುಚಾಕು ಈ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೂ ತರಿಸುವ ಮೊದಲು ಕಸ್ಟಮ್ಸ್ ನಿಯಮ ವಿಚಾರಿಸಿ.

ಹಿಡಿ ಯಾವುದರದು ಅನ್ನುವುದು ಇನ್ನೂ ಮುಖ್ಯ. ಶೆಫೀಲ್ಡಿನ ಹಳೆಯ ಚಾಕುಗಳಲ್ಲಿ ಒರಟು ಕಂದು ಕೊಂಬಿನ ಹಿಡಿ ನೋಡಿರುತ್ತೀರಿ. ಅದರಲ್ಲಿ ಬಹಳಷ್ಟು ನಮ್ಮ ದೇಶದಿಂದ ಹೋದ ಕಡವೆಯ ಕೊಂಬು. 1990ರ ದಶಕದ ಕೊನೆಗೆ ಭಾರತ ಅದರ ರಫ್ತು ನಿಲ್ಲಿಸಿತು. ಅಂಥ ಹಿಡಿ ಈಗ ದುಬಾರಿ. ಅಂಥದ್ದನ್ನು ಇಲ್ಲಿಗೆ ತಂದರೆ ವನ್ಯಜೀವಿ ಕಾನೂನಿನ ತೊಡಕು ಎದುರಾಗಬಹುದು. ಆನೆದಂತವನ್ನಂತೂ ಮುಟ್ಟಲೇಬೇಡಿ. ಬಾಕ್ಸ್‌ವುಡ್, ಆಲಿವ್, ವಾಲ್‌ನಟ್, ಬರ್ಚ್ ಮರಗಳೇ ಸಾಕಷ್ಟು ಚೆಂದ ಇವೆ.

ಇಟ್ಟುಕೊಳ್ಳುವ ವಿಚಾರ. ಇಂಗಾಲದ ಉಕ್ಕಿನ ಚಾಕುವನ್ನು ಚರ್ಮದ ಒರೆಯಲ್ಲೇ ವರ್ಷಾನುಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಅದನ್ನು ಹದ ಮಾಡುವಾಗ ಬಳಸಿದ ಉಪ್ಪು, ಆಮ್ಲ ಅದರಲ್ಲಿ ಉಳಿದಿರುತ್ತದೆ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಎರಡು ವಾರ ಸಾಕು, ತುಕ್ಕಿನ ಚುಕ್ಕೆ ಬಿದ್ದಿರುತ್ತದೆ. ಅಲಗನ್ನು ಒರೆಸಿ, ಒಂದು ಹನಿ ಮಿನರಲ್ ಎಣ್ಣೆ ಸವರಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಅಡುಗೆ ಎಣ್ಣೆ ಬೇಡ, ಜಿಗುಟಾಗುತ್ತದೆ.

ಆದರೆ ಒಂದೆರಡನ್ನಾದರೂ ಬಳಸಿ. ತುಕ್ಕು ಬೇರೆ, ಬಳಕೆಯ ಕಪ್ಪು ಬೇರೆ. ಹುಳಿ ತಾಗಿದ ಉಕ್ಕು ಬೂದು, ನೀಲಿ, ಕಂದು ಬಣ್ಣಕ್ಕೆ ತಿರುಗಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಆ ಪದರ ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಕೂಡ. ತಿಯೇರ್‌ನಿಂದ ತಂದ ಚಾಕುವಿನಲ್ಲಿ ಈ ಸಲ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದೆ. ಅಲಗಿನ ನಡುವೆ ಮೂಡಿದ ನೀಲಿ ಇನ್ನೂ ಹಾಗೇ ಇದೆ. ಉಜ್ಜಿ ತೆಗೆದಿಲ್ಲ.